ಮುನ್ನುಡಿಯ ಕೊನೆಯ ಸಾಲು

ಎಂಟನೆಯ ಪುಟದ ಅಡಿಯಲ್ಲಿ, ಪುಟಸಂಖ್ಯೆಗಿಂತ ಒಂದೇ ಗೆರೆ ಮೇಲೆ, ಅವಳ ಹೆಸರು ಇನ್ನೂ ಇತ್ತು. ಇರದೆ ಎಲ್ಲಿಗೆ ಹೋದೀತು, ಅಚ್ಚಾಗಿ ಹನ್ನೊಂದು ವರ್ಷವಾದ ಹೆಸರು? ಆದರೂ ಹಲ್ಲುಜ್ಜಿ ಮುಖ ಒರೆಸಿಕೊಂಡ ಮೇಲೆ ಮೇಷ್ಟ್ರ ಆ ಕೊನೆಯ ಪುಸ್ತಕವನ್ನು ಕಪಾಟಿನಿಂದ ತೆಗೆದು, ಮುನ್ನುಡಿಯ ಕೊನೆಯ ಸಾಲನ್ನು ಒಮ್ಮೆ ನೋಡದಿದ್ದರೆ ಅವಳಿಗೆ ದಿನವೇ ಶುರುವಾಗುತ್ತಿರಲಿಲ್ಲ. 'ಹಸ್ತಪ್ರತಿಯನ್ನು ಶ್ರದ್ಧೆಯಿಂದ ಬೆರಳಚ್ಚು ಮಾಡಿಕೊಟ್ಟ', ಆಮೇಲೆ ಅವಳ ಮೂರಕ್ಷರದ ಹೆಸರು, ಆಮೇಲೆ 'ಅವರಿಗೆ ಕೃತಜ್ಞತೆಗಳು'. ಅಷ್ಟೇ. ಮೂವತ್ತೊಂದು ವರ್ಷ ಕೀಲಿ ಕುಟ್ಟಿದ್ದಕ್ಕೆ, ಸಾವಿರಾರು ಪುಟಗಳಿಗೆ, ಒಂದೇ ಒಂದು ಕಡೆ. "ಇದೆಯಾ? ಎದ್ದು ಓಡಿಹೋಗಿಲ್ವಲ್ಲ?" ಎಂದು ಅತ್ತಿಗೆ ಒಗೆದ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲಿ ನಿಂತು ಕೇಳಿದಳು. "ಅದನ್ನ ಓದೋಕೆ ಭೂತಗನ್ನಡಿ ಬೇಕು ಕಣೇ. ಇರುವೆ ಸಾಲು ಅದಕ್ಕಿಂತ ದಪ್ಪಗಿರುತ್ತೆ," ಎಂದು ಅಣ್ಣ ಒಳಗಿನಿಂದಲೇ ಕೂಗಿದ. ಅವಳಿಗೆ ರೇಗಿತು. "ಅಷ್ಟಕ್ಕೂ, ಅತ್ತಿಗೆ, ದೊಡ್ಡ ಅಕ್ಷರದಲ್ಲಿ ಹೆಸರಿದ್ದವರು ಏನು ಕಡಿದು ಕಟ್ಟೆ ಹಾಕಿದಾರೆ?" ಎಂದಳು. "ಶುರುವಾಯ್ತು ನಿನ್ನ ಅಷ್ಟಕ್ಕೂ," ಎಂದು ಅತ್ತಿಗೆ ಬಟ್ಟೆ ಹರವಲು ಹೊರಟುಹೋದಳು. ಆ ಸಾಲನ್ನು ಬರೆದವಳು ತಾನೇ ಎಂದು ಅವರಿಬ್ಬರಿಗೆ ಅವಳು ಹೇಳಿರಲಿಲ್ಲ. ಹೇಳಿದ್ದರೆ, ತನ್ನ ಬೆನ್ನು ತಾನೇ ತಟ್ಟಿಕೊಂಡವಳೆಂದು ವರ್ಷವಿಡೀ ಆಡಿಕೊಂಡು ನಗುತ್ತಿದ್ದರು. ಆ ಜಾಗದಲ್ಲಿ ಮೊದಲಿದ್ದ ಸಾಲು ಬೇರೆ. ಅದು ಮೇಷ್ಟ್ರ ಕೈಬರಹದಲ್ಲಿ, ಒಂದು ಪ್ಲಾಸ್ಟಿಕ್ ಲಕೋಟೆಯೊಳಗೆ, ಅವಳ ಕಪಾಟಿನ ತಳದಲ್ಲಿ ಮಡಿಸಿದ ಬಟ್ಟೆಗಳ ಕೆಳಗೆ ಬಿದ್ದಿತ್ತು. ಇವತ್ತು ಯಾಕೋ ಅದನ್ನೂ ತೆಗೆದು ಕೈಚೀಲಕ್ಕೆ ಹಾಕಿಕೊಂಡಳು. ಇವತ್ತು ಹನ್ನೊಂದು ಗಂಟೆಗೆ ಆ ಪುಸ್ತಕದ ಎರಡನೆಯ ಮುದ್ರಣದ ಬಗ್ಗೆ ಪೀಠದಲ್ಲಿ ಸಭೆ ಇತ್ತು.

ಪೀಠವೆಂದರೆ ಧರ್ಮಗ್ರಂಥಗಳ ಹುಟ್ಟನ್ನು ಕೆದಕುವ ಒಂದು ಅಧ್ಯಯನ ಸಂಸ್ಥೆ. ಮೂರು ಕೋಣೆ, ಒಂದು ಉದ್ದ ಮೇಜು, ಕಪಾಟುಗಳ ಮೇಲೂ ಕಪಾಟು. ಬಸ್ಸಿನಲ್ಲಿ ಕಿಟಕಿಗೆ ಆತು ಕೂತಾಗ ಇಪ್ಪತ್ತೆರಡರ ವಯಸ್ಸಿನಲ್ಲಿ ಅಲ್ಲಿಗೆ ಮೊದಲ ದಿನ ಹೋದದ್ದು ನೆನಪಾಯಿತು. ಯೇಸುವಿನ ಬದುಕನ್ನು ಬರೆದ ನಾಲ್ವರೂ ಬರಹದೊಳಗೆ ತಮ್ಮ ಹೆಸರು ಹೇಳಿಕೊಂಡಿಲ್ಲ, ಹೆಸರಿನ ಚೀಟಿ ಅಂಟಿಸಿದವರು ಆಮೇಲಿನವರು, ಎಂದು ಮೇಷ್ಟ್ರು ಓಡಾಡುತ್ತ ಹೇಳುತ್ತಿದ್ದರು, ಅವಳು ಕುಟ್ಟುತ್ತಿದ್ದಳು. ಯೇಸುವಿನ ಮತ ಸಾರಿದ ಒಬ್ಬ ಅಪೊಸ್ತಲನ ಹೆಸರಿನಲ್ಲಿರುವ ಹದಿಮೂರು ಪತ್ರಗಳಲ್ಲಿ ಏಳನ್ನು ಅವನೇ ಬರೆಸಿದ್ದು ಎಂದು ಹೆಚ್ಚಿನ ಪಂಡಿತರು ಒಪ್ಪುತ್ತಾರೆ. ಉಳಿದವು ಗುರು ಹೋದ ಮೇಲೆ ಶಿಷ್ಯರು ಗುರುವಿನ ಹೆಸರಿನಲ್ಲೇ ಬರೆದವು ಇರಬಹುದು. ಅದರಲ್ಲೂ ಒಂದು ಪತ್ರ, ನಮ್ಮ ಹೆಸರಿನಲ್ಲಿ ಬರುವ ಪತ್ರಗಳಿಗೆ ಮರುಳಾಗಬೇಡಿ ಎಂದು ಎಚ್ಚರಿಸುವ ಪತ್ರವೇ, ಕಳ್ಳಪತ್ರವೆಂದು ಹಲವರ ಗುಮಾನಿ. ಇದನ್ನು ಕುಟ್ಟುವಾಗ ಅವಳು ಕಿಸಕ್ಕನೆ ನಕ್ಕುಬಿಟ್ಟಿದ್ದಳು. ಕೆಲಸ ಹೋಯಿತು ಅಂದುಕೊಂಡಳು. ಮೇಷ್ಟ್ರು ನಿಂತು, "ನಗು, ನಗು. ಎರಡು ಸಾವಿರ ವರ್ಷದ ಹಿಂದೆ ಅದನ್ನ ಬರ್ಕೊಂಡವನೂ ನಕ್ಕಿರ್ತಾನೆ," ಎಂದರು. ಒಂದು ದೊಡ್ಡ ಪತ್ರದ ಕೊನೆಯಲ್ಲಿ ಅಪೊಸ್ತಲ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದ ಲಿಪಿಕಾರ ನಡುವೆ ಬಾಯಿ ಹಾಕಿ, ಇದನ್ನು ಬರೆಯುತ್ತಿರುವ ನನ್ನದೂ ಒಂದು ನಮಸ್ಕಾರ ಎಂದು ತನ್ನ ಹೆಸರು ಸೇರಿಸಿಬಿಟ್ಟಿದ್ದಾನೆ ಎಂದೂ ಅವತ್ತೇ ಹೇಳಿದರು. ಪರವಾಗಿಲ್ಲ, ಗಟ್ಟಿಗ, ಎಂದು ಅವಳಿಗೆ ಅನ್ನಿಸಿತ್ತು. ಮೇಷ್ಟ್ರ ವಾಕ್ಯಗಳಿಗೆ ತಲೆ ಇರುತ್ತಿತ್ತು, ಬಾಲ ಇರುತ್ತಿರಲಿಲ್ಲ. ಮೊದಲ ವರ್ಷ ಅವಳು ಬಾಲ ಹಚ್ಚಿದಳು. ಎರಡನೆಯ ವರ್ಷ ನಡುವೆ ಒಂದು 'ಆದರೆ', ಒಂದು 'ಅಷ್ಟಕ್ಕೂ'. ಮೂರನೆಯ ವರ್ಷದ ಹೊತ್ತಿಗೆ ಮೇಷ್ಟ್ರು "ಇಲ್ಲಿ ಒಂದು ಉದಾಹರಣೆ ಬರಲಿ" ಎಂದು ಕೈಬೀಸಿ ಕಿಟಕಿಯತ್ತ ಹೋದರೆ, ಉದಾಹರಣೆ ಬಂದು ಕೂತಿರುತ್ತಿತ್ತು. ಓದಿ, "ಹೂಂ, ನಾನು ಹೇಳಿದ್ದು ಇದೇ," ಎನ್ನುತ್ತಿದ್ದರು. ಕೊನೆಯ ಪುಸ್ತಕದ ಕಾಲಕ್ಕೆ ಮೇಷ್ಟ್ರ ನೆನಪು ಸೋರತೊಡಗಿತ್ತು. ಬೆಳಗ್ಗೆ ಬಂದು ಕುರ್ಚಿಯಲ್ಲಿ ಕೂತು, ಸಂಜೆ ಹೊರಡುವ ಮುಂಚೆ, "ಇವತ್ತು ನಾನು ಏನು ಬರೆದೆ?" ಎಂದು ಕೇಳುತ್ತಿದ್ದರು. ಅವಳು ಓದಿ ಹೇಳುತ್ತಿದ್ದಳು. "ಚೆನ್ನಾಗಿ ಬರ್ದಿದೀನಲ್ಲ," ಎಂದು ಖುಷಿಪಟ್ಟು ಕೊಡೆ ಹುಡುಕುತ್ತಿದ್ದರು. ಇಳಿಯುವ ನಿಲ್ದಾಣ ಬಂದದ್ದು ಗೊತ್ತಾಗದೆ ಅವಳು ಒಂದು ನಿಲ್ದಾಣ ಮುಂದೆ ಹೋಗಿ ಇಳಿದು ಹಿಂದಕ್ಕೆ ನಡೆದಳು.

ಸಭೆಯೆಂದರೆ ಅವಳಿಗೆ ಕುರ್ಚಿ ಜೋಡಿಸುವುದು, ನೀರಿನ ಲೋಟ ಇಡುವುದು, ಪ್ರತಿಯೊಬ್ಬರ ಮುಂದೆ ಒಂದೊಂದು ಪೆನ್ನು, ಆಮೇಲೆ ಮೂಲೆಯ ಸ್ಟೂಲಿನ ಮೇಲೆ ನೋಟ್‌ಬುಕ್ ಹಿಡಿದು ಕೂರುವುದು. ಆಡಿದ್ದನ್ನು ಬರೆದುಕೊಂಡು, ಅವರು ಚಹಾ ಕುಡಿಯುವ ಅರ್ಧ ಗಂಟೆಯಲ್ಲಿ ನಡಾವಳಿ ಟೈಪು ಮಾಡಿ ತಂದರೆ, ಎಲ್ಲರೂ ನಿಂತಲ್ಲೇ ಸಹಿ ಹಾಕಿ ಹೊರಟುಬಿಡುತ್ತಿದ್ದರು. ಪೀಠ ಹುಟ್ಟಿದಾಗಿನಿಂದ ನಡೆದು ಬಂದ ಪದ್ಧತಿ ಅದು. ಅವಳು ಟೈಪು ಮಾಡಿದ್ದನ್ನು ಯಾರೂ ಓದಿದ್ದನ್ನು ಅವಳು ಕಂಡಿರಲಿಲ್ಲ. ಒಮ್ಮೆ ಪರೀಕ್ಷೆ ಮಾಡೋಣವೆಂದು 'ಸಭೆಯಲ್ಲಿ ಹಾಜರಿದ್ದವರು' ಎಂಬ ಪಟ್ಟಿಗೆ ಕಿಟಕಿಯ ಮೇಲೆ ಕೂರುವ ಬೆಕ್ಕನ್ನೂ ಸೇರಿಸಿದ್ದಳು. ಬೆಕ್ಕು ಇವತ್ತಿಗೂ ಕಡತದಲ್ಲಿ ಹಾಜರಿದೆ. ಅಧ್ಯಕ್ಷರು ಬಂದರು, ಒಂದು ಕಾಲದಲ್ಲಿ ಮೇಷ್ಟ್ರ ವಿದ್ಯಾರ್ಥಿ, ಈಗ ಮೇಷ್ಟ್ರಿಗಿಂತ ದೊಡ್ಡ ಕುರ್ಚಿಯವರು. "ಏನಮ್ಮಾ ಕಾರ್ಬನ್, ಎಲ್ಲಾ ರೆಡಿನಾ?" ಎಂದರು. ಕಾರ್ಬನ್ ಎಂಬ ಅಡ್ಡಹೆಸರನ್ನು ಇಟ್ಟದ್ದು ಮೇಷ್ಟ್ರ ಹೆಂಡತಿ. ಆಕೆಯೂ ಬಂದರು, ಎಂಬತ್ತು ದಾಟಿದ್ದರೂ ನೆಟ್ಟಗೆ ಕೂರುವ ಹೆಂಗಸು, ಪುಸ್ತಕದ ಹಕ್ಕುದಾರರು, ಕೊರಳಲ್ಲಿ ದಾರ ಕಟ್ಟಿದ ಭೂತಗನ್ನಡಿ. ಅಷ್ಟೂ ವರ್ಷ ಆಕೆ ಇವಳನ್ನು ಮಾತಾಡಿಸಿದ್ದು ಬೆರಳಲ್ಲಿ ಎಣಿಸಬಹುದು. ಗಂಡ ಹಗಲೆಲ್ಲ ಈ ಹುಡುಗಿಯ ಮುಂದೆ ಓಡಾಡುತ್ತಾನೆ ಎಂಬ ಸಿಟ್ಟು ಮೊದಮೊದಲಿಗೆ ಇದ್ದಿರಬೇಕು; ಆಮೇಲೆ ಸಿಟ್ಟು ಹೋಗಿ ಮೌನ ಮಾತ್ರ ಉಳಿದಿತ್ತು. ಕೊನೆಯಲ್ಲಿ ಲ್ಯಾಪ್‌ಟಾಪು ಹಿಡಿದು ಸಂಶೋಧಕ ಬಂದ. ನಲವತ್ತರ ಆಸುಪಾಸು, ಬಲು ವಿನಯ, ಹಳೆಯ ಗ್ರಂಥಗಳಲ್ಲಿ ಪದಗಳನ್ನು ಎಣಿಸಿ ಯಾರು ಬರೆದದ್ದೆಂದು ಹೇಳುವ ವಿದ್ಯೆಯಲ್ಲಿ ಪಳಗಿದವನು. ಮೇಷ್ಟ್ರಿಗೆ ಗೌರವ ಸಲ್ಲಿಸಲೆಂದು ಅದೇ ವಿದ್ಯೆಯನ್ನು ಮೇಷ್ಟ್ರ ಐದು ಪುಸ್ತಕಗಳ ಮೇಲೆಯೇ ಪ್ರಯೋಗಿಸಿ ತಂದಿದ್ದ.

"ದೊಡ್ಡ ಮಾತುಗಳನ್ನ ಯಾರು ಬೇಕಾದ್ರೂ ನಕಲು ಮಾಡಬಹುದು. ಸಣ್ಣ ಮಾತುಗಳನ್ನ ಆಗಲ್ಲ," ಎಂದು ಅವನು ಶುರುಮಾಡಿದ. "ನಮಗೇ ಗೊತ್ತಿಲ್ಲದ ಹಾಗೆ ಬಾಯಲ್ಲಿ ಬರೋವು ಅವು. ಮೇಷ್ಟ್ರು ಪುಟಕ್ಕೊಂದು ಸಲ 'ಅಷ್ಟಕ್ಕೂ' ಅಂತಾರೆ. ಇನ್ನೊಂದು 'ಪಾಪ'. ಕಳ್ಳಪತ್ರ ಬರೆದವನ ಬಗ್ಗೆ ಬರೀವಾಗಲೂ, ಪಾಪ, ಗುರುವಿನ ದನಿ ಕಿವಿಯಿಂದ ಹೋಗಬಾರದು ಅಂತ ಬರೆದಿದ್ದಾನೆ, ಅಂತಾರೆ. ಎಂಥ ಕರುಣೆ!" ಅಧ್ಯಕ್ಷರು ಕಣ್ಣು ಮುಚ್ಚಿ ತಲೆದೂಗಿದರು. ಮೂಲೆಯ ಸ್ಟೂಲಿನ ಮೇಲೆ ಅವಳ ಕಿವಿ ಬಿಸಿಯಾಯಿತು. ಕುಂಬಳಕಾಯಿ ಕಳ್ಳ ಎಂದಾಗ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವಳು ಬಾಯಿ ಮುಟ್ಟಿ ನೋಡಿಕೊಂಡಳು. ಸಿಕ್ಕಿಬಿದ್ದೆ, ಇನ್ನೇನು, ಕೊನೆಯ ಪುಸ್ತಕದ ಹತ್ತು ಅಧ್ಯಾಯವೂ ಬೇರೆ ಕೈ ಅನ್ನುತ್ತಾನೆ, ಅಂದುಕೊಂಡಳು. ಭಯವೂ ಆಯಿತು, ಹೇಳಲಿ ಮಹಾರಾಯ, ಯಾರಾದರೂ ಒಬ್ಬರು ಹೇಳಲಿ, ಎಂದು ಆಸೆಯೂ ಆಯಿತು. ಸಂಶೋಧಕ ಪರದೆಯ ಮೇಲೆ ಒಂದು ಗೆರೆಚಿತ್ರ ತೋರಿಸಿದ. "ಐದೂ ಪುಸ್ತಕ ಒಂದೇ ಕೈ. ಇದರಲ್ಲಿ ಸಂಶಯವೇ ಇಲ್ಲ. ಆದರೆ ಕೊನೇ ಪುಸ್ತಕದ ಮುನ್ನುಡಿ ಮೇಷ್ಟ್ರದಲ್ಲ. ಎಂಟು ಪುಟದಲ್ಲಿ ಒಂದು 'ಅಷ್ಟಕ್ಕೂ' ಇಲ್ಲ, ಒಂದು 'ಪಾಪ' ಇಲ್ಲ. ಅರ್ಧ ವಾಕ್ಯಗಳಿಗೆ ಬಾಲವೇ ಇಲ್ಲ. ಯಾರೋ ಬರೆದು ಸೇರಿಸಿದ್ದಾರೆ." ಅವಳಿಗೆ ಬಿಕ್ಕಳಿಕೆ ಬಂತು. ಇಡೀ ಪೀಠದಲ್ಲಿ, ಐದು ಪುಸ್ತಕಗಳಲ್ಲಿ, ಮೇಷ್ಟ್ರು ಸ್ವಂತ ಕೈಯಿಂದ ಬರೆದದ್ದು ಎಂದು ಇದ್ದದ್ದೇ ಆ ಎಂಟು ಪುಟ.

"ಯಾರು ಸೇರಿಸಿರಬಹುದು?" ಎಂದರು ಅಧ್ಯಕ್ಷರು. ಸಂಶೋಧಕ ಸಂಕೋಚದಿಂದ ಕೆಮ್ಮಿದ. "ಹಳೇ ಪತ್ರಗಳಲ್ಲಿ ನಾವು ಒಂದು ಪ್ರಶ್ನೆ ಕೇಳ್ತೀವಿ ಸರ್, ಇದರಿಂದ ಯಾರಿಗೆ ಲಾಭ ಅಂತ. ಈ ಮುನ್ನುಡಿಯಲ್ಲಿ ಹೆಸರು ಬರೋದು ಒಬ್ಬರದೇ. ಕೊನೇ ಸಾಲಲ್ಲಿ." ಪುಟ ತಿರುವುವ ಸದ್ದು. ಎರಡು ಜೊತೆ ಕಣ್ಣು ಮೂಲೆಗೆ ತಿರುಗಿದವು. ಅವಳು ಮತ್ತೊಮ್ಮೆ ಬಿಕ್ಕಳಿಸಿದಳು, ಲೋಟ ತೆಗೆದುಕೊಳ್ಳಲು ಹೋಗಿ ನೋಟ್‌ಬುಕ್ ಕೆಡವಿದಳು. ನಿನ್ನ ಲೆಕ್ಕದ ಮೇಷ್ಟ್ರು ನಾನು, ಆ ಮುನ್ನುಡಿಯಲ್ಲಿ ನನ್ನ ಸಾಲು ಇರೋದು ಅದೊಂದೇ ಕಣಪ್ಪಾ ಎಂದು ಹೇಳಬೇಕೆನಿಸಿ, ನಗು ಬಂದು, ಅದನ್ನು ತಡೆಯಲು ಹೋಗಿ ಕಣ್ಣಲ್ಲಿ ನೀರಾಯಿತು. ಮೇಷ್ಟ್ರು ಆ ಮುನ್ನುಡಿಗೆ ಅವಳ ಸಹಾಯ ಬೇಡವೆಂದು ಹಟ ಹಿಡಿದಿದ್ದರು. ನಾಲ್ಕು ವಾರ, ನಡುಗುವ ಕೈ, ಅಗಲ ಮೊನೆಯ ಪೆನ್ನು, ಸಾಲಿಗೆ ನಾಲ್ಕೇ ಪದ ಹಿಡಿಯುವಷ್ಟು ದಪ್ಪ ಅಕ್ಷರ. ಅವಳು ಹತ್ತಿರ ಹೋದರೆ ಶಾಲೆಯ ಮಕ್ಕಳ ಹಾಗೆ ತೋಳಿನಿಂದ ಮರೆಮಾಡುತ್ತಿದ್ದರು. ಕೊನೆಗೆ ಕಟ್ಟು ಅವಳ ಕೈಗೆ ಬಂತು. ಎಲ್ಲವನ್ನೂ ಇದ್ದ ಹಾಗೇ ಕುಟ್ಟಿದಳು, ಬಾಲವಿಲ್ಲದ ವಾಕ್ಯಗಳಿಗೆ ಬಾಲ ಕೂಡ ಹಚ್ಚಲಿಲ್ಲ, ಇದೊಂದಾದರೂ ಅವರದಿರಲಿ ಎಂದು. ಕೊನೆಯ ಹಾಳೆಯ ಕೊನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. 'ಈ ಪುಸ್ತಕವನ್ನೂ ಇದರ ಹಿಂದಿನ ನಾಲ್ಕನ್ನೂ ಬರೆದವಳು' ಎಂದಿತ್ತು, ಆಮೇಲೆ ಅವಳ ಹೆಸರು, ಆಮೇಲೆ 'ನನ್ನದು ಹೆಸರು ಮಾತ್ರ. ಅವಳು ಕ್ಷಮಿಸಬೇಕು.'

ಮುದುಕರಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ, ಅಂದುಕೊಂಡಳು. ಹಾಗೆ ಅಂದುಕೊಳ್ಳುವುದು ಸುಲಭವಾಗಿತ್ತು. ಜನ ಏನೆಂದಾರು, ಮೇಷ್ಟ್ರ ಮರ್ಯಾದೆ ಏನಾದೀತು, ಅವರ ಹೆಂಡತಿ ಅಮ್ಮಾವ್ರು ಮುಖ ಎತ್ತಿಕೊಂಡು ಓಡಾಡುವುದು ಹೇಗೆ, ಎಂದೆಲ್ಲ ಹೆದರಿ, ಅಷ್ಟೂ ವರ್ಷ ಮಾಡಿದ್ದನ್ನೇ ಇನ್ನೊಮ್ಮೆ ಮಾಡಿದಳು: ಅವರ ಸಾಲನ್ನು ತಿದ್ದಿದಳು. ಬೆರಳಚ್ಚು, ಶ್ರದ್ಧೆ, ಕೃತಜ್ಞತೆ. ಲಿಪಿಕಾರರು ಎಲ್ಲ ಕಾಲದಲ್ಲೂ ಮಾಡುವ ತಪ್ಪು ಅದು ಎಂದು ನಾಲ್ಕನೆಯ ಅಧ್ಯಾಯದಲ್ಲಿ ಅವಳೇ ಬರೆದಿದ್ದಳು. ಮೂಲದಲ್ಲಿ ಏನಾದರೂ ವಿಚಿತ್ರ ಕಂಡರೆ, ಇದು ಗುರುವಿನ ಮಾತಾಗಿರಲಾರದು ಎಂದು ನಂಬಿ, ಭಕ್ತಿಯಿಂದಲೇ ಸರಿಪಡಿಸಿಬಿಡುವುದು. ಟೈಪಾದ ಹಾಳೆಯನ್ನು ಮೇಷ್ಟ್ರು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದರು. "ಇದನ್ನೂ ನಾನೇ ಬರೆದೆನಾ?" ಎಂದು ಕೇಳಿದರು. "ಹೂಂ ಸರ್," ಎಂದಳು. ಅವರು ಸಹಿ ಹಾಕಿದರು. ಮುಂದಿನ ತಿಂಗಳು ತೀರಿಕೊಂಡರು. ಆ 'ಹೂಂ ಸರ್' ಹನ್ನೊಂದು ವರ್ಷದಿಂದ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಕೂತಿತ್ತು.

"ನೀವು ಏನಾದ್ರೂ ಹೇಳ್ತೀರಾ?" ಎಂದು ಅಧ್ಯಕ್ಷರು ಅವಳನ್ನು ಕೇಳಿದರು, ಕದ್ದು ಸಿಕ್ಕಿಬಿದ್ದ ಮಕ್ಕಳನ್ನು ಕೇಳುವ ದನಿಯಲ್ಲಿ. ಅವಳು ಎದ್ದು ನಿಂತಳು. ಚೀಲದೊಳಗೆ ಕೈ ಹಾಕಿದರೆ ಪ್ಲಾಸ್ಟಿಕ್ಕು ಸಿಗುತ್ತಿತ್ತು. ತೋರಿಸಿದರೆ ಮುನ್ನುಡಿ ಮೇಷ್ಟ್ರದೆಂದು ಸಾಬೀತು. ಆದರೆ ಇವನ ಲೆಕ್ಕದ ಪ್ರಕಾರ ಮಿಕ್ಕದ್ದೆಲ್ಲ ಮೇಷ್ಟ್ರದಲ್ಲ ಎಂದೂ ಸಾಬೀತು. ತೋರಿಸದಿದ್ದರೆ ಅವಳು ಬರೆದದ್ದೆಲ್ಲ ಮೇಷ್ಟ್ರ ಹೆಸರಿನಲ್ಲಿ ಉಳಿಯುತ್ತದೆ, ಅವಳ ಹೆಸರಿರುವ ಒಂದೇ ಒಂದು ಸಾಲು ಹೋಗುತ್ತದೆ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯಾದಳು. "ಅಷ್ಟಕ್ಕೂ, ಸರ್," ಎಂದಳು, "ಮುನ್ನುಡಿ ಅವರೇ ಬರೆದದ್ದು. ನಾನು ಕಣ್ಣಾರೆ ನೋಡಿದೀನಿ. ಪಾಪ, ನಾಲ್ಕು ವಾರ ಕೂತು ಬರೆದ್ರು." ಸಾವಿರಾರು ಪುಟಗಳಲ್ಲಿ 'ಅಷ್ಟಕ್ಕೂ'ವನ್ನೂ 'ಪಾಪ'ವನ್ನೂ ಬಿಡದೆ ಹೆಕ್ಕಿದ ಸಂಶೋಧಕ ಮೂರಡಿ ದೂರದಲ್ಲಿ ಕೂತಿದ್ದ, ಅವನಿಗೆ ಅದು ಕೇಳಿಸಲೇ ಇಲ್ಲ. ಅವನು ಬಹಳ ಮೃದುವಾಗಿ, "ತಪ್ಪು ತಿಳೀಬೇಡಿ. ನೆನಪು ಮೋಸ ಮಾಡುತ್ತೆ, ಲೆಕ್ಕ ಮಾಡಲ್ಲ," ಎಂದ. ಮೇಷ್ಟ್ರ ಹೆಂಡತಿ ಮಾತ್ರ ತಲೆ ಎತ್ತಿ ಅವಳನ್ನೇ ನೋಡಿದರು. "ಹೋಗಲಿ ಬಿಡಿ, ಒಂದು ಹೆಸರಿಗೋಸ್ಕರ ಯಾರೋ ಏನೋ ಮಾಡಿಕೊಂಡಿದ್ದಾರೆ, ಅದನ್ನ ದೊಡ್ಡದು ಮಾಡೋದು ಬೇಡ," ಎಂದು ಅಧ್ಯಕ್ಷರು ಉದಾರರಾದರು. "ಮುನ್ನುಡಿ ಕೈಬಿಡೋಣ. ಹತ್ತು ಅಧ್ಯಾಯ ಹಾಗೇ ಇರಲಿ. ಹತ್ತನೇದಂತೂ ಮೇಷ್ಟ್ರು ಮಾತ್ರ ಬರೀಬಲ್ಲ ಅಧ್ಯಾಯ. ಚಹಾ ಬರಲಿ."

ಚಹಾ ಕೊಟ್ಟವಳೂ ಅವಳೇ. ಸಂಶೋಧಕನಿಗೆ ಸಕ್ಕರೆ ಎಷ್ಟೆಂದು ಕೇಳಿದಳು ಕೂಡ. ತನ್ನ ಕೋಣೆಗೆ ಬಂದು ಬಾಗಿಲು ಮುಚ್ಚಿ ಕಂಪ್ಯೂಟರಿನ ಮುಂದೆ ಕೂತಾಗ ಬಿಕ್ಕಳಿಕೆ ನಿಂತು ಸಿಟ್ಟು ಬಂತು. ಅವರ ಮೇಲಲ್ಲ. ಕಳ್ಳಿ ಎಂದು ನೋಡಿದರಲ್ಲ, ಅದನ್ನೂ ನುಂಗಿಕೊಳ್ಳಬಹುದಿತ್ತು. ಮೇಷ್ಟ್ರು ನಾಲ್ಕು ವಾರ ನಡುಗುವ ಕೈಯಲ್ಲಿ ಬರೆದದ್ದೊಂದು ನಿಜ, ಆ ನಿಜವನ್ನು ಅಂದು ಅವಳು ಅರ್ಧ ಅಳಿಸಿದ್ದಳು, ಮಿಕ್ಕರ್ಧವನ್ನು ಇವತ್ತು ಇವರು ಅಳಿಸುತ್ತಿದ್ದಾರೆ, ಅವಳು ಸಕ್ಕರೆ ಎಷ್ಟೆಂದು ಕೇಳುತ್ತಿದ್ದಾಳೆ. ಥೂ, ನನ್ನ ಜನ್ಮಕ್ಕಿಷ್ಟು, ಎಂದುಕೊಂಡು ಟೈಪು ಮಾಡತೊಡಗಿದಳು. ಹಾಜರಿದ್ದವರು, ದಿನಾಂಕ, ಸಂಶೋಧಕರ ಪ್ರಬಂಧವನ್ನು ಸಭೆ ಮೆಚ್ಚಿತು. ತೀರ್ಮಾನ ಒಂದು: 'ಮುನ್ನುಡಿಯನ್ನು' ಎಂದು ಕುಟ್ಟಿ ನಿಂತಳು. ಕಿಟಕಿಯ ಮೇಲೆ ಬೆಕ್ಕು ಕೂತಿತ್ತು. ಆ ಹಳೆಯ ಬೆಕ್ಕಿನ ಮೊಮ್ಮಗಳಿರಬೇಕು. ಅಚ್ಚುಮನೆಯವರು ಸಹಿಯಾದ ನಡಾವಳಿಯಲ್ಲಿ ಏನಿದೆಯೋ ಅದನ್ನು ಅಚ್ಚು ಹಾಕುತ್ತಾರೆ, ಯಾರನ್ನೂ ಮತ್ತೆ ಕೇಳುವುದಿಲ್ಲ. ಅವಳ ಮುಖದ ಮೇಲೆ, ಇಪ್ಪತ್ತೆರಡರಲ್ಲಿ ಕಿಸಕ್ಕೆಂದಿತ್ತಲ್ಲ, ಆ ನಗು ಬಂತು. 'ಮುನ್ನುಡಿಯನ್ನು ಮೂಲ ಹಸ್ತಪ್ರತಿಯಲ್ಲಿರುವಂತೆಯೇ ಉಳಿಸಿಕೊಳ್ಳಲು ಸಭೆ ಒಮ್ಮತದಿಂದ ತೀರ್ಮಾನಿಸಿತು. ಅದರ ಕೊನೆಯ ಸಾಲು ಹೀಗಿರತಕ್ಕದ್ದು: ಈ ಪುಸ್ತಕವನ್ನೂ ಇದರ ಹಿಂದಿನ ನಾಲ್ಕನ್ನೂ ಬರೆದವಳು ಪೀಠದ ಬೆರಳಚ್ಚುಗಾರ್ತಿ. ನನ್ನದು ಹೆಸರು ಮಾತ್ರ. ಅವಳು ಕ್ಷಮಿಸಬೇಕು.' ಚೀಲದಿಂದ ಮೇಷ್ಟ್ರ ಹಾಳೆ ತೆಗೆದು, ಪ್ಲಾಸ್ಟಿಕ್ಕಿನಿಂದ ಬಿಡಿಸಿ, ನಡಾವಳಿಯ ಹಿಂದೆ ಅಡಕವೆಂದು ಗುಂಡುಸೂಜಿ ಚುಚ್ಚಿದಳು. ಖುಷಿಯಾಗಿತ್ತು.

ಅಧ್ಯಕ್ಷರು ಎಡಗೈಯಲ್ಲಿ ಬಿಸ್ಕತ್ತು ಹಿಡಿದು ಬಲಗೈಯಲ್ಲಿ ಸಹಿ ಹಾಕಿದರು. ಸಂಶೋಧಕ, "ಎಲ್ಲಿ? ಇಲ್ಲೇನಾ?" ಎಂದು ಕೇಳಿ, ಅವಳು ಬೆರಳಿಟ್ಟು ತೋರಿಸಿದಲ್ಲಿ ಹಾಕಿದ. ಇಬ್ಬರೂ ಕಿಟಕಿಯ ಹತ್ತಿರ ಹೋಗಿ, ಕಳ್ಳಪತ್ರಗಳನ್ನು ಅಷ್ಟು ಶತಮಾನ ಯಾರೂ ಕಂಡುಹಿಡಿಯಲಿಲ್ಲವಲ್ಲ, ಜನ ಎಷ್ಟು ಮುಗ್ಧರು, ಎಂದು ಮಾತಾಡುತ್ತ ನಿಂತರು. ಮೇಷ್ಟ್ರ ಹೆಂಡತಿ ಕುರ್ಚಿಯಿಂದ ಎದ್ದಿರಲಿಲ್ಲ. ಅವಳು ಹಾಳೆಗಳನ್ನು ಆಕೆಯ ಮುಂದಿಟ್ಟು ಪೆನ್ನು ಕೊಟ್ಟಳು. ಆಕೆ ಪೆನ್ನನ್ನು ಪಕ್ಕಕ್ಕಿಟ್ಟು ಭೂತಗನ್ನಡಿ ಕೈಗೆತ್ತಿಕೊಂಡರು. ಮುಗಿಯಿತು ಕಥೆ, ಅಂದುಕೊಂಡಳು ಅವಳು. ಆಕೆ ನಿಧಾನವಾಗಿ ಓದಿದರು, ಪುಟ ತಿರುವಿದರು, ಗಂಡನ ದಪ್ಪ ಅಕ್ಷರಗಳ ಮೇಲೆ ಗಾಜು ಇಟ್ಟು ಒಂದೊಂದೇ ಪದಕ್ಕೆ ಸರಿಸಿದರು. ಕೊನೆಯ ಸಾಲಿನ ಮೇಲೆ ಗಾಜು ಬಹಳ ಹೊತ್ತು ನಿಂತಿತು. ಮತ್ತೆ ಹಿಂದಿನ ಪುಟಕ್ಕೆ ಬಂದು, ಟೈಪಾದ ಸಾಲಿನ ಮೇಲೆ ಬೆರಳಿಟ್ಟರು.

"ಅವರು ಇಲ್ಲಿ ಹೆಸರು ಬರೆದಿದಾರೆ," ಎಂದರು ತಗ್ಗಿದ ದನಿಯಲ್ಲಿ. "ನೀನು ಬೆರಳಚ್ಚುಗಾರ್ತಿ ಅಂತ ಕುಟ್ಟಿದೀಯ."

ಅವಳು ಪೆನ್ನನ್ನು ಮತ್ತೆ ಆಕೆಯ ಕೈಯ ಹತ್ತಿರಕ್ಕೆ ಸರಿಸಿದಳು.

"ಅವರು ಬರೆದದ್ದನ್ನ ತಿದ್ದೋ ಚಾಳಿ ಇನ್ನೂ ಹೋಗಿಲ್ವಾ ನಿನಗೆ?"

"ಅಮ್ಮಾವ್ರಿಗೆ ಗೊತ್ತಿತ್ತಾ?"

"ನಲವತ್ತಾರು ವರ್ಷ ಸಂಸಾರ ಮಾಡಿದೀನಿ ಆ ಮನುಷ್ಯನ ಜೊತೆ. ಯಾರನ್ನಾದ್ರೂ 'ಪಾಪ' ಅಂದದ್ದು ನಾನು ಒಂದು ದಿನ ಕೇಳಿಲ್ಲ." ಆಕೆ ಹಾಳೆಗಳನ್ನು ಅವಳ ಕಡೆಗೆ ತಳ್ಳಿದರು. "ಮೊದಲನೇ ಪುಸ್ತಕ ಓದಿದಾಗಲೇ ಗೊತ್ತಾಯ್ತು. ಅವರು ಹೇಳ್ತಾರೇನೋ ಅಂತ ಕಾದೆ. ಹೇಳಲಿಲ್ಲ, ಅಂದುಕೊಂಡಿದ್ದೆ. ಹೋಗು, ಸರಿಯಾಗಿ ಕುಟ್ಕೊಂಡು ಬಾ. ಆ ಇಬ್ಬರ ಹತ್ರ ಇನ್ನೊಂದು ಸಲ ಸಹಿ ಹಾಕಿಸಿದರಾಯ್ತು. ಬಿಸ್ಕತ್ತು ಇನ್ನೂ ಇವೆ."

ಅವಳು ಕೋಣೆಗೆ ಹಿಂದಿರುಗಿ ಆ ಒಂದು ಪದವನ್ನು ಅಳಿಸಿದಳು. ಹೆಸರು ಕುಟ್ಟತೊಡಗಿದಳು. ಅಭ್ಯಾಸವಿರಲಿಲ್ಲ, ಎರಡನೆಯ ಅಕ್ಷರಕ್ಕೆ ಬೆರಳು ತಪ್ಪಿತು. ಅಳಿಸಿ, ಮತ್ತೆ ಕುಟ್ಟಿದಳು.